ತೇಗಲಾರದ ಕಾರು

ಬಾನೆಟ್ ಎತ್ತಿ ನಿಂತ ಗಂಡಸಿನ ಮುಖಕ್ಕೆ ಎಲ್ಲಿಂದಲೋ ಒಂದು ಗಾಂಭೀರ್ಯ ಬಂದುಬಿಡುತ್ತದೆ. ನನಗೂ ಬರುತ್ತದೆ. ಸೊಂಟದ ಮೇಲೆ ಕೈಯಿಟ್ಟು, ಹುಬ್ಬು ಗಂಟಿಕ್ಕಿ, ಕೈಗೆ ಸಿಕ್ಕ ಪೈಪೊಂದನ್ನು ಅಲ್ಲಾಡಿಸಿ "ಹ್ಞೂಂ" ಎನ್ನುತ್ತೇನೆ. ಅಷ್ಟಕ್ಕೆ ನನ್ನ ವಿದ್ಯೆ ಮುಗಿಯುತ್ತದೆ. ಗಾಜು ತೊಳೆಯುವ ನೀರನ್ನು ಎಲ್ಲಿ ಹಾಕಬೇಕೆಂಬುದನ್ನು ಬಿಟ್ಟರೆ ಆ ಮುಚ್ಚಳದ ಕೆಳಗಿನ ಸಂಸಾರದಲ್ಲಿ ನನಗೆ ಯಾರ ಪರಿಚಯವೂ ಇಲ್ಲ. ಇಂಥವನು ಟರ್ಬೊ ಇಂಜಿನ್ನಿನ ತೇಗಿನ ಬಗ್ಗೆ ಬರೆಯಲು ಕೂತಿದ್ದಾನೆಂದರೆ ನಿಮಗೆ ನಗು ಬರಬಹುದು. ನಗುತ್ತಲೇ ಓದಿ, ಅಡ್ಡಿಯಿಲ್ಲ.

ತೇಗು ಎಂದದ್ದು ತಮಾಷೆಗಲ್ಲ. ಇಂಜಿನ್ ಗಾಳಿ ಎಳೆದುಕೊಳ್ಳುತ್ತದೆ, ಹೊಗೆ ಬಿಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಒಳಗೆ ಉರಿದ ಅನಿಲದಲ್ಲಿ ಒಂದಿಷ್ಟು, ಪಿಸ್ಟನ್ನಿನ ಪಕ್ಕದಿಂದ ನುಸುಳಿ ಕೆಳಗೆ ಆಯಿಲ್ ಇರುವ ಹೊಟ್ಟೆಗೆ ಇಳಿದುಬಿಡುತ್ತದಂತೆ. ಟರ್ಬೊ ಇರುವ ಇಂಜಿನ್ನಿಗೆ ಗಾಳಿಯನ್ನು ತುರುಕಿ ತುರುಕಿ ತಿನ್ನಿಸುವುದರಿಂದ ಈ ನುಸುಳುವಿಕೆ ಇನ್ನೂ ಜಾಸ್ತಿ. ಹೀಗೆ ಸೇರಿದ ವಾಯು ಹೊರಗೆ ಹೋಗಲೇಬೇಕು. ಅದಕ್ಕೆಂದೇ ಒಂದು ಕೊಳವೆ ಇರುತ್ತದೆ. ಗ್ಯಾರೇಜಿನವರು ಬ್ರೀದರ್ ಪೈಪ್ ಎನ್ನುತ್ತಾರೆ. ನಮ್ಮ ಹಿರಿಯರು ದೇಹದೊಳಗೆ ಐದು ವಾಯುಗಳನ್ನು ಗುರುತಿಸಿ, ಮೇಲಕ್ಕೆ ಹೋಗುವುದಕ್ಕೆ ಉದಾನ ಎಂದು ಹೆಸರಿಟ್ಟರು. ಅದರ ಮಹತ್ವ ತಿಳಿಯಬೇಕಾದರೆ ಮದುವೆ ಮನೆಯಲ್ಲಿ ಹೋಳಿಗೆ ತಿಂದು, ತೇಗು ಬಾರದೆ, ಸೋಡಾ ಹುಡುಕುತ್ತ ಚಪ್ಪರದ ಕಂಬಕ್ಕೆ ಒರಗಿದ ನನ್ನ ದೊಡ್ಡಪ್ಪನನ್ನು ನೀವು ನೋಡಬೇಕಿತ್ತು. ಲೋಕವೇ ಸಾಕು ಎಂಬ ಮುಖ ಅದು.

ನಮ್ಮ ಕಾರು ಹಳೆಯ ಡೀಸೆಲ್ ಟರ್ಬೊ. ನಮ್ಮ ಕೈಗೆ ಬರುವ ಮೊದಲೇ ಯಾರೋ ಓಡಿಸಿ ದಣಿಸಿದ್ದ ಗಾಡಿ. ನಾನು ಹಾವೇರಿ ಕಡೆಯವನು. ಕೆಜಿಎಫ್‌ನ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೆಲಸಕ್ಕೆಂದು ಬಂದು, ಇಲ್ಲಿಯವರ ಅಳಿಯನಾಗಿ ಉಳಿದವನು. ಕಾರು ನನ್ನ ಹೆಸರಿನಲ್ಲಿದ್ದರೂ ಅದು ನನ್ನದಲ್ಲ, ನನ್ನ ಹೆಂಡತಿ ಪದ್ಮಳದು. ಅವಳು ಕಾಮಸಮುದ್ರದಿಂದ ಆಚೆಗಿನ ಹಳ್ಳಿಯೊಂದರಲ್ಲಿ ಶಾಲೆಯ ಟೀಚರು. ಅಲ್ಲಿಗೆ ಹೋಗುವ ಬಸ್ಸಿಗೆ ತನ್ನದೇ ಆದ ಮನಸ್ಸಿದೆ, ಬಂದರೆ ಬಂತು. ನಲವತ್ತು ದಾಟಿದ ಮೇಲೆ ಪದ್ಮ ಡ್ರೈವಿಂಗ್ ಕಲಿತಳು. ಮೊದಲು ನಾನೇ ಕಲಿಸಹೊರಟೆ; ಸಂಸಾರ ಉಳಿಯಲಿ ಎಂದು ಆಮೇಲೆ ಡ್ರೈವಿಂಗ್ ಸ್ಕೂಲಿಗೆ ಸೇರಿಸಿದೆವು. "ಶಾಲೇಲಿ ಮಕ್ಳು ಕೇಳ್ತಾರೆ, ಮನೇಲಿ ನೀವು ಕೇಳ್ತೀರಿ. ಕಾರಲ್ಲಿ ಕೂತಾಗ ಮಾತ್ರ ನನ್ನ ಯಾರೂ ಏನೂ ಕೇಳಲ್ಲ" ಎಂದು ಒಮ್ಮೆ ಹೇಳಿದ್ದಳು. ಆ ದಾರಿಯಲ್ಲಿ ಅವಳು ಗಟ್ಟಿಯಾಗಿ ಹಾಡಿಕೊಳ್ಳುತ್ತಾಳೆ ಎಂದು ಎದುರಿಗೆ ಬೈಕಿನಲ್ಲಿ ಬಂದವರೊಬ್ಬರು ನನಗೆ ತಿಳಿಸಿದ್ದಾರೆ. ಮನೆಯಲ್ಲಿ ಅವಳ ಹಾಡು ನಾನು ಕೇಳಿಲ್ಲ.

ಹೋದ ವರ್ಷ ಬಂಗಾರಪೇಟೆಯ ನಮ್ಮ ಮೆಕ್ಯಾನಿಕ್ ಮುನಿರಾಜು ಕಾರಿಗೆ ಒಂದು ಹೊಸ ಸೌಕರ್ಯ ಮಾಡಿಕೊಟ್ಟಿದ್ದ. ಬ್ರೀದರ್ ಪೈಪಿನಿಂದ ಬರುವ ಗಾಳಿಯ ಜೊತೆ ಆಯಿಲ್ ಜಿಡ್ಡೂ ಬಂದು ಟರ್ಬೊ ಪೈಪುಗಳಲ್ಲೆಲ್ಲ ಮೆತ್ತಿಕೊಳ್ಳುತ್ತದೆಂದು, ನಡುವೆ ಒಂದು ಡಬ್ಬಿ ಕೂರಿಸಿದ. ಜಿಡ್ಡು ಡಬ್ಬಿಯ ತಳದಲ್ಲಿ ನಿಲ್ಲುತ್ತದೆ. ಗಾಳಿ ಮಾತ್ರ ಡಬ್ಬಿಯ ನೆತ್ತಿಯ ಮೇಲಿನ ಅಣಬೆಯಂಥ ಪುಟ್ಟ ಫಿಲ್ಟರಿನಿಂದ ಹೊರಗೆ ಹೋಗುತ್ತದೆ. ಇಂಜಿನ್ ಸಲೀಸಾಗಿ ತೇಗತೊಡಗಿತು. ನಾನು ಆಫೀಸಿನಲ್ಲಿ ಒಂದು ವಾರ ಇದನ್ನೇ ಎಲ್ಲರಿಗೂ ವಿವರಿಸಿ, ಕ್ಯಾಂಟೀನಿನಲ್ಲಿ ಒಂಟಿಯಾಗಿ ಊಟ ಮಾಡುವ ಸ್ಥಿತಿಗೆ ಬಂದೆ.

ಈ ವರ್ಷ ಆಷಾಢದ ಗಾಳಿ ನಿಂತ ಮೇಲೆ ಕಾರಿಗೆ ಕಾಯಿಲೆ ಶುರುವಾಯಿತು. ನಿಂತ ಜಾಗದಲ್ಲಿ ಆಯಿಲ್ ಕಲೆ. ಹಿಂದುಗಡೆ ನೀಲಿ ಹೊಗೆ. ಆಯಿಲ್ ನೋಡುವ ಕಡ್ಡಿ ತಾನಾಗಿಯೇ ಮೇಲೆದ್ದು ನಿಲ್ಲುತ್ತಿತ್ತು. ದೊಡ್ಡ ಊರಿನ ದೊಡ್ಡ ಗ್ಯಾರೇಜಿಗೆ ಒಯ್ದೆವು. ಅಲ್ಲೊಬ್ಬರು ಆಯಿಲ್ ಮುಚ್ಚಳ ತೆಗೆದರು. ಇಡ್ಲಿ ಪಾತ್ರೆಯಿಂದ ಬಂದ ಹಾಗೆ ಹೊಗೆ ಬಂತು. "ಬ್ಯಾಕ್ ಕಂಪ್ರೆಷನ್. ಒಳಗೆಲ್ಲ ಸವೆದಿದೆ, ಇಂಜಿನ್ ಬಿಚ್ಚಬೇಕು. ಮಾರೋದೇ ವಾಸಿ" ಎಂದು ಅವರು ಕೈ ಒರೆಸಿಕೊಂಡರು. ಮನೆ ಕಟ್ಟಿಸಿ ನಾವಿನ್ನೂ ಸುಧಾರಿಸಿಕೊಂಡಿರಲಿಲ್ಲ. ಇನ್ನೊಂದು ಕಾರು ಸದ್ಯಕ್ಕೆ ಆಗದ ಮಾತು. ಮುಳಬಾಗಿಲಿನ ಕಡೆಯವರೊಬ್ಬರು ಇದ್ದ ಸ್ಥಿತಿಯಲ್ಲೇ ಕೊಳ್ಳಲು ಒಪ್ಪಿದರು. ಭಾನುವಾರ ಸಂಜೆ ಬಂದು ಒಯ್ಯುವುದೆಂದು ಮಾತಾಯಿತು. ನಾನು ಸಮಾಧಾನ ಹೇಳಿದೆ, ಬಸ್ಸಿನಲ್ಲಿ ನಿದ್ದೆ ಮಾಡಬಹುದು ಎಂದೆಲ್ಲ. ಪದ್ಮ ಜಗಳವಾಡಲಿಲ್ಲ. ಡ್ಯಾಶ್‌ಬೋರ್ಡಿನ ಗಣಪತಿಯನ್ನು ಕಿತ್ತು, ಹಿಂದಿನ ಗೋಂದನ್ನು ಉಗುರಿನಿಂದ ಕೆರೆಯುತ್ತ ಕೂತಳು. ಬಸ್ಸಿನ ನಿದ್ದೆಯ ಮಾತನ್ನು ನಾನು ಅಲ್ಲಿಗೇ ಬಿಟ್ಟೆ.

ಭಾನುವಾರ ಬೆಳಗ್ಗೆ ಅವಳು ಹೇಳಿದ್ದು ಒಂದೇ ಮಾತು: "ಮುನಿರಾಜು ಒಂದ್ಸಲ ನೋಡ್ಲಿ." ಹೊರಟೆವು. ಜೊತೆಗೆ ನಮ್ಮ ಮಾವನವರೂ ಬಂದರು.

ಮಾವನವರನ್ನು ನಿಮಗೆ ಪರಿಚಯಿಸಬೇಕು. ನಾರಾಯಣಪ್ಪ, ಕೆಜಿಎಫ್‌ನ ಉರಿಗಾಂ ಚಿನ್ನದ ಗಣಿಯಲ್ಲಿ ನೆಲದಡಿ ದುಡಿದವರು. ಅವರ ಕೆಲಸ ಗಾಳಿಬಾಗಿಲು ಕಾಯುವುದು. ಗಣಿಗೆ ಗಾಳಿ ಇಳಿಯುವ ಬಾವಿಯೇ ಬೇರೆ, ಕೆಟ್ಟ ಗಾಳಿ ಏರುವ ಬಾವಿಯೇ ಬೇರೆ. ನಡುವಿನ ಬಾಗಿಲುಗಳನ್ನು ತೆರೆಯುವಾಗ ತೆರೆದು ಮುಚ್ಚುವಾಗ ಮುಚ್ಚಿದರೆ ಒಳಗಿನವರು ಬದುಕುತ್ತಾರೆ. ನೆಲದ ಮೇಲೆ ಬಂದ ಮೇಲೆ ಅವರ ವೈರಿ ಬದಲಾಯಿತು; ಈಗ ಅವರ ಯುದ್ಧವೆಲ್ಲ ಧೂಳಿನ ಮೇಲೆ. ಕೆಜಿಎಫ್‌ನಲ್ಲಿ ಆಷಾಢದ ಗಾಳಿ ಎದ್ದರೆ ಚಿನ್ನ ತೆಗೆದ ಮೇಲೆ ಗಣಿಯವರು ಸುರಿದ ಸೈನೈಡ್ ದಿಬ್ಬಗಳ ಮೇಲಿನ ಹಿಟ್ಟಿನಂಥ ಮಣ್ಣು ಎದ್ದು ಬಂದು ಊಟದ ತಟ್ಟೆಯಲ್ಲೇ ಕೂರುತ್ತದೆ. ಆಗ ಊರಿಗೆ ಊರೇ ಬಟ್ಟೆ ಕಟ್ಟುತ್ತದೆ. ನಲ್ಲಿಯ ಬಾಯಿಗೆ, ನೀರಿನ ಟ್ಯಾಂಕಿನ ಕೊಳವೆಗೆ, ಕಿಟಕಿಯ ಸಂದಿಗೆ, ಕೀಲಿಯ ತೂತಿಗೆ. ನಮ್ಮ ಮನೆಯಲ್ಲಿ ಈ ಖಾತೆ ಮಾವನವರದು. ಹಳೆಯ ಪಂಚೆ ಹರಿದು ಇಡೀ ಮನೆಗೆ ಮುಸುಕು ಹಾಕುತ್ತಾರೆ. ಅಲುಗಾಡದೆ ಹೆಚ್ಚು ಹೊತ್ತು ಕೂತರೆ ನನಗೂ ಒಂದು ಕಟ್ಟಿಯಾರೆಂಬ ಭಯ ನನಗಿದೆ.

ಮುನಿರಾಜು ಬಾನೆಟ್ ಎತ್ತಿದ. ನಾನು ಸೊಂಟದ ಮೇಲೆ ಕೈಯಿಟ್ಟೆ. ಅವನು ಡಬ್ಬಿಯ ಕಡೆ ಬಾಗಿ, ಕಣ್ಣು ಕಿರಿದು ಮಾಡಿ, ಏನನ್ನೋ ಬೆರಳಿನಿಂದ ಒತ್ತಿದ. ಆಯಿಲಿನಲ್ಲಿ ನೆನೆದು ಕಪ್ಪಗಾಗಿ, ಇಂಜಿನ್ನಿನದೇ ಒಂದು ಅಂಗದ ಹಾಗೆ ಕೂತಿತ್ತು ಅದು.

"ಸಾರ್, ಇದ್ಯಾರು ಇಲ್ಲಿ ಬಟ್ಟೆ ಕಟ್ಟಿರೋದು?"

ಮಾವನವರು, ಬಹುಮಾನಕ್ಕೆ ಹೆಸರು ಕರೆದವರ ಹಾಗೆ ಮುಂದೆ ಬಂದರು. "ನಾನೇ ಕಣಪ್ಪ. ಗಾಳಿ ಎದ್ದಿತ್ತು, ಬಾನೆಟ್ ಎತ್ತಿ ನೋಡ್ದೆ. ತಲೆ ಬಿಟ್ಕಂಡು ಕುಂತಿತ್ತಲ್ಲ ಅದು, ದೂಳು ಒಳಕ್ಕೋಗ್ದೆ ಇರ್ಲಿ ಅಂತ ನಾಕು ಮಡಿಕೆ ಮಾಡಿ ಬಿಗಿಯಾಗಿ ಕಟ್ಟಿವ್ನಿ."

"ಅಯ್ಯೋ ತಾತ! ಅದು ಗಾಳಿ ಒಳಕ್ಕೋಗೋ ಬಾಯಲ್ಲ. ಒಳಗಿನ್ ಗಾಳಿ ಈಚೆ ಬರೋ ಬಾಯಿ. ನೀನದುನ್ನ ಮುಚ್ಚಿದ್ರೆ ಇಂಜಿನ್ ಎಲ್ಲಿಂದ ಉಸ್ರು ಬಿಡ್ತದೆ? ಸಿಕ್ಕಸಿಕ್ಕ ಸಂದೀಲೆಲ್ಲ ಆಯಿಲ್ ಕಕ್ತದೆ!"

ಮಾವನವರ ಮುಖದ ಬಣ್ಣ ಇಳಿಯಿತು. ವಿವರಣೆ ಅವರಿಗೆ ಮತ್ತೆ ಬೇಕಾಗಲಿಲ್ಲ; ಅಲ್ಲಿದ್ದವರಲ್ಲೆಲ್ಲ ಈ ಮಾತು ಪೂರ್ತಿ ಅರ್ಥವಾದದ್ದು ಅವರೊಬ್ಬರಿಗೇ. "ಏರೋ ಬಾವಿನ ಮುಚ್ಚಿಬಿಟ್ನಾ ನಾನು?" ಎಂದರು. "ಇಳಿಯೋ ಬಾವಿ ಅನ್ಕಂಡೆ ಕಣಪ್ಪ." ಮಗಳ ಕಡೆ ತಿರುಗಿ ನೋಡಲು ಅವರಿಂದ ಆಗಲಿಲ್ಲ. ನನಗೆ ನಗು ಬರಬೇಕಾಗಿತ್ತು, ಬರಲಿಲ್ಲ.

ಮುನಿರಾಜು ಬಟ್ಟೆ ಕತ್ತರಿಸಿ ತೆಗೆದ. ಧೂಳೂ ಜಿಡ್ಡೂ ಸೇರಿ ಒಳಪದರ ಒಣಗಿದ ಬೆರಣಿಯಂತಾಗಿತ್ತು. ಡಬ್ಬಿ, ಪೈಪು ಎಲ್ಲವನ್ನೂ ಡೀಸೆಲ್‌ನಲ್ಲಿ ತೊಳೆದ. ಟರ್ಬೊದ ಚಕ್ರವನ್ನು ಬೆರಳಿನಿಂದ ತಿರುಗಿಸಿ, ಆಚೀಚೆ ಅಲುಗಿಸಿ ನೋಡಿ ತಲೆಯಾಡಿಸಿದ. ಈ ಸಲ ಡಬ್ಬಿಗೆ ಬಯಲಿಗೆ ತೆರೆದ ಫಿಲ್ಟರ್ ಬೇಡವೆಂದು, ಅಲ್ಲಿಂದ ಒಂದು ಕೊಳವೆ ಎಳೆದು ಟರ್ಬೊ ಗಾಳಿ ಎಳೆದುಕೊಳ್ಳುವ ಪೈಪಿಗೇ ಸೇರಿಸಿದ. ತೇಗು ಇನ್ನು ಊರಿಗೆಲ್ಲ ಕೇಳಿಸದೆ ಮನೆಯೊಳಗೇ ಕರಗುತ್ತದೆ. "ಇನ್ನ ಕಟ್ಟಾಕೆ ಬಾಯೇ ಇಲ್ಲ ತಾತ" ಎಂದ.

ಆದರೆ ಇಂಜಿನ್ ಇಷ್ಟು ದಿನ ಆ ಒತ್ತಡ ತಡೆದುಕೊಂಡಿದೆಯೋ ಇಲ್ಲವೋ, ಅದೇ ಪ್ರಶ್ನೆ. ಗಾಡಿ ಚಾಲೂ ಮಾಡಿ, ಆಯಿಲ್ ಮುಚ್ಚಳ ಬಿಚ್ಚಿ, ತೂತಿನ ಮೇಲೆ ಅದನ್ನು ತಲೆಕೆಳಗಾಗಿ ಸುಮ್ಮನೆ ಇಟ್ಟ. "ಒಳಗೆ ನಿಜ್ವಾಗ್ಲೂ ಓಗಿದ್ರೆ ಇದು ಎಗರಿ ಬೀಳ್ತದೆ ಮೇಡಂ. ಕುಂತ್ರೆ ಬದುಕ್ದಂಗೆ." ನಾವು ಮೂವರೂ ಒಂದು ಪ್ಲಾಸ್ಟಿಕ್ ಮುಚ್ಚಳವನ್ನು ದೇವರ ಮೂರ್ತಿಯನ್ನು ನೋಡುವಂತೆ ನೋಡಿದೆವು. ಮುಚ್ಚಳ ನಡುಗಿತು. ಸ್ವಲ್ಪ ಪಕ್ಕಕ್ಕೆ ಜರುಗಿತು. ಮುನಿರಾಜು ಆಕ್ಸಿಲರೇಟರ್ ಏರಿಸಿದ. ಪದ್ಮ ನನ್ನ ತೋಳನ್ನು ಹಿಡಿದ ಹಿಡಿತಕ್ಕೆ ಉಗುರು ಒಳಗಿಳಿಯಿತು. ಮುಚ್ಚಳ ಗಡಗಡ ಅಲುಗಿ, ಅಲ್ಲೇ ಕೂತಿತು. ಬೀಳಲಿಲ್ಲ.

"ಏನೂ ಆಗಿಲ್ಲ. ಗಟ್ಟಿ ಇಂಜಿನ್ನು" ಎಂದ ಮುನಿರಾಜು. "ಪೈಪಲ್ಲಿ ಉಳಿದಿರೋ ಆಯಿಲ್ ಸುಡೋಗಂಟ ಒಗೆ ಬತ್ತದೆ. ಎದ್ರಬೇಡಿ, ಓಡಿಸ್ತಾ ಓಗಿ."

ನಾನು ಬಿಟ್ಟ ಉಸಿರು ಎಷ್ಟು ಉದ್ದವಿತ್ತೆಂದರೆ, ಅಷ್ಟು ಹೊತ್ತಿನಿಂದ ಅದು ಎಲ್ಲಿ ಅಡಗಿತ್ತೋ ಗೊತ್ತಿಲ್ಲ. ಇಂಜಿನ್ ಆಗಲಿ ಮನುಷ್ಯನಾಗಲಿ, ಸೇವಿಸಿದ್ದಕ್ಕಿಂತ ಹೊರಗೆ ಬಿಡಲಾಗದ್ದರಿಂದಲೇ ಹೆಚ್ಚು ಕೆಡುವುದು ಎಂಬ ಗಹನವಾದ ವಿಚಾರ ಅಲ್ಲೇ ಹೊಳೆಯಿತು. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಪದ್ಮ ಡ್ರೈವರ್ ಸೀಟಿನಲ್ಲಿ ಕೂತು ಹಾರ್ನ್ ಹೊಡೆದಳು.

ಬಂಗಾರಪೇಟೆಯಿಂದ ಮರಳುವ ದಾರಿಯಲ್ಲಿ ಮಾವನವರು ಹಿಂದಿನ ಸೀಟಿನಲ್ಲಿ ಕತ್ತು ತಿರುಗಿಸಿ, ಗಾಜಿಗೆ ಮೂಗೊತ್ತಿ ಹೊಗೆ ಕಾಯುತ್ತಿದ್ದರು. "ಐತೆ" ಎನ್ನುತ್ತಿದ್ದರು. ಒಂದಿಷ್ಟು ದೂರ ಹೋದ ಮೇಲೆ ಮತ್ತೆ "ಐತೆ." ಆಮೇಲೆ ಪಂಚೆಯ ತುದಿಯಿಂದ ಗಾಜು ಒರೆಸಿ ಮತ್ತೆ ನೋಡಿದರು. ಕೊನೆಗೆ, ತಾವೇ ನಂಬದವರ ಹಾಗೆ, "ಇಲ್ಲಮ್ಮಾ. ಒಗೆ ಇಲ್ಲ" ಎಂದರು. "ನಿನ್ ಗಾಡೀನ ನಾನೇ ಕೊಲ್ತಿದ್ನಲ್ಲಮ್ಮ. ನಿಂಗೇನೂ ಆಗ್ದೆ ಇರ್ಲಿ ಅಂತ ಕಟ್ಟಿದ್ದು."

ಪದ್ಮ ಕಾರನ್ನು ಪಕ್ಕಕ್ಕೆ ನಿಲ್ಲಿಸಿದಳು. ಮೊದಲು ಮುಳಬಾಗಿಲಿನವರಿಗೆ ಫೋನ್ ಮಾಡಿ, "ಗಾಡಿ ಕೊಡಲ್ಲ ಅಣ್ಣ, ಬೇಜಾರು ಮಾಡ್ಕೋಬೇಡಿ" ಎಂದಳು. ಆಮೇಲೆ ಹಿಂದಕ್ಕೆ ತಿರುಗಿ, ತಂದೆಯ ಒದ್ದೆ ಕೆನ್ನೆಯನ್ನು ತನ್ನ ಸೆರಗಿನಿಂದ ಒರೆಸಿದಳು.

"ಗೊತ್ತಪ್ಪ. ಆದ್ರೆ ಇನ್ಮೇಲೆ ಕಟ್ಬೇಡ. ದೂಳು ಬಿದ್ರೆ ನಾನೇ ಒರೆಸ್ಕೊತೀನಿ."

ಮಾವನವರು ಚಿಕ್ಕ ಹುಡುಗನ ಹಾಗೆ ತಲೆಯಾಡಿಸಿದರು. ಅವಳು ಗೇರ್ ಹಾಕಿ ಹೊರಟಳು. ಉರಿಗಾಂ ಹತ್ತಿರ ಬರುವಷ್ಟರಲ್ಲಿ, ಪಕ್ಕದಲ್ಲಿ ನಾನು ಕೂತಿರುವುದನ್ನು ಮರೆತು, ಹಾಡತೊಡಗಿದಳು. ನಾನು ಅವಳನ್ನು ಏನೂ ಕೇಳಲಿಲ್ಲ.