ಹನ್ನೊಂದೂವರೆಯ ಸೀನು

ಈಗಷ್ಟೇ ಸೀನಿದೆ, ಕ್ಷಮಿಸಿ. ನೆಗಡಿಯಲ್ಲ. ಪಿರಿಯಾಪಟ್ಟಣದ ಕಡೆಯ ನಮ್ಮ ಶಾಲೆಯಲ್ಲಿ ಹನ್ನೊಂದೂವರೆಗೆ ಬಿಸಿಯೂಟದ ಸಾರಿಗೆ ಒಗ್ಗರಣೆ ಬೀಳುತ್ತದೆ. ಒಣಮೆಣಸಿನಕಾಯಿಯ ಘಾಟು ಅಡುಗೆಕೋಣೆಯ ಕಿಟಕಿ ದಾಟಿ, ನಾಲ್ಕೇ ಹೆಜ್ಜೆಯ ಓಣಿ ದಾಟಿ, ಸೀದಾ ನನ್ನ ಐದನೇ ತರಗತಿಗೆ ಬರುತ್ತದೆ. ಮೊದಲು ನಾನು, ಆಮೇಲೆ ಮುಂದಿನ ಸಾಲು, ಆಮೇಲೆ ಇಡೀ ತರಗತಿ. ಭಾಗಾಕಾರ ಅಲ್ಲಿಗೆ ನಿಲ್ಲುತ್ತದೆ. ನನಗೋ ಹಿಗ್ಗೋ ಹಿಗ್ಗು! ಸೀನಿದ್ದಕ್ಕೆ ಇಷ್ಟು ಸಂಭ್ರಮವೇ ಎನ್ನಬೇಡಿ, ಹೇಳುತ್ತೇನೆ ಕೇಳಿ.

ಅಡುಗೆಯ ಮಾದೇವಮ್ಮ ಆಗ ದಿನಾ ಪುಟ್ಟ ಬಟ್ಟಲಲ್ಲಿ ಸಾರು ತಂದು ನನ್ನ ಮೇಜಿನ ಮೇಲಿಡುತ್ತಿದ್ದರು. ಮಕ್ಕಳಿಗೆ ಬಡಿಸುವ ಮೊದಲು ಮೇಷ್ಟ್ರು ರುಚಿ ನೋಡಿ ಪುಸ್ತಕದಲ್ಲಿ ಬರೆಯಬೇಕು, ಅದು ನಿಯಮ. ನಾನು ಎಷ್ಟು ಪ್ರಾಮಾಣಿಕನೆಂದರೆ, ಎಷ್ಟೋ ದಿನ ಸಾರು ಬರುವ ಮೊದಲೇ 'ಚೆನ್ನಾಗಿದೆ' ಎಂದು ಬರೆದಿಟ್ಟಿರುತ್ತಿದ್ದೆ. ಅಡುಗೆಕೋಣೆಯ ಹೊಸಿಲು ತುಳಿದವನೇ ಅಲ್ಲ. ಮನೆಯಲ್ಲೂ ಅಷ್ಟೇ, ನನ್ನ ಹೆಂಡತಿಯನ್ನು ಕೇಳಿದರೆ ಇನ್ನೂ ವಿವರವಾಗಿ ಹೇಳುತ್ತಾಳೆ.

ಬಟ್ಟಲಿನ ಜೊತೆ ಒಂದು ಮಾತೂ ಬರುತ್ತಿತ್ತು.

"ಇದೇ ಕಡೆ ಸಾರು ಕಣ್ ಮೇಷ್ಟ್ರೆ. ನಾಳಿಂದ ನಾ ಬರಾಕಿಲ್ಲ."

"ನೀವು ಬಿಟ್ರೆ ಮಕ್ಕಳು ನನ್ನೇ ತಿಂದ್ಬಿಡ್ತವೆ ಮಾದೇವಮ್ಮ" ಎಂದು ನಗುತ್ತಿದ್ದೆ. ಮರುದಿನ ಅವರು ಬಂದೇ ಬರುತ್ತಿದ್ದರು. ಹಾಗಾಗಿ ಆ ಮಾತನ್ನು ನಮಸ್ಕಾರದ ಲೆಕ್ಕಕ್ಕೆ ಹಾಕಿಬಿಟ್ಟಿದ್ದೆ. ಒಂದು ದಿನ ರಜೆ ಬೇಕೆಂದರೂ ಬದಲಿ ಆಳನ್ನು ಅವರೇ ಹುಡುಕಬೇಕು. ಜ್ವರ ಬಂದಾಗ ಸೊಸೆಯನ್ನು ಕಾಡಿಬೇಡಿ ಕಳಿಸಿದ್ದರು. ಸೊಸೆಯ ಒಗ್ಗರಣೆಯೋ, ಬೆಕ್ಕೂ ಸೀನದಂಥದ್ದು.

ಮೂರು ವರ್ಷದ ಹಿಂದೆ ಒಂದು ಶನಿವಾರ ಮಕ್ಕಳು ಮೊದಲ ತುತ್ತಿಗೇ ಮುಖ ಕಿವುಚಿದರು. ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ತು. ಪುಸ್ತಕದಲ್ಲಿ ಆಗಲೇ ನನ್ನ 'ಚೆನ್ನಾಗಿದೆ'! ಸಿಟ್ಟು ನೆತ್ತಿಗೇರಿ ಅಡುಗೆಕೋಣೆಗೆ ನುಗ್ಗಿದವನು ಅಲ್ಲಿ ನಿಲ್ಲಲಾರದೆ ಹೋದೆ. ಮೇಲೆ ಕಾದ ತಗಡು, ಕೆಳಗೆ ಎರಡು ಗ್ಯಾಸ್ ಒಲೆ, ನಡುವೆ ಹೊರಹೋಗಲು ದಾರಿಯಿಲ್ಲದ ಘಾಟು. ಮಾದೇವಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡು ಗೋಡೆಗೊರಗಿದ್ದರು.

"ಉಪ್ಪು ಆಕಿದ್ನೋ ಇಲ್ವೋ ಗೊತ್ತಾಗ್ನಿಲ್ಲ ಮೇಷ್ಟ್ರೆ. ಕಣ್ಣೇ ಬುಡಾಕಾಗ್ನಿಲ್ಲ."

"ಮತ್ತೆ ಕಿಟಕಿ ತೆಗೀಬಾರ್ದಾ?"

ಅವರು ಸೆರಗು ಇಳಿಸಿ ನನ್ನನ್ನೇ ನೋಡಿದರು. "ನೀವೇ ಅಲ್ವಾ ಮೊಳೆ ಒಡ್ಸಿದ್ದು?"

ಹೌದು, ನಾನೇ. ಈ ಶಾಲೆಗೆ ಬಂದ ಹೊಸತರಲ್ಲಿ, ಪಾಠದ ಮಧ್ಯೆ ಮಕ್ಕಳು ಸೀನುತ್ತಾರೆಂದು ಮೊಳೆ ಹೊಡೆಸಿ ಆ ಕಿಟಕಿ ಮುಚ್ಚಿಸಿದ್ದೆ. ಮುಚ್ಚಿಸಿ ಮರೆತೇಬಿಟ್ಟಿದ್ದೆ.

"ಇಲ್ಲೇ ಪಕ್ಕದ ಕೊಪ್ಪದಲ್ಲಿ ಬಟ್ಟೆ ಅಂಗ್ಡೀಲಿ ಗುಡ್ಸೋ ಕೆಲ್ಸ ಐತೆ. ತಲೆ ಮ್ಯಾಲೆ ಫ್ಯಾನ್ ತಿರುಗ್ತದಂತೆ. ಸೋಮವಾರದಿಂದ ಬತ್ತೀನಿ ಅಂತ ಯೋಳ್ಬುಟ್ಟಿವ್ನಿ" ಎಂದರು. ಈ ಸಲ ಅದು ನಮಸ್ಕಾರವಾಗಿರಲಿಲ್ಲ.

ಹೋಗಬೇಡಿ ಎನ್ನಲು ನನಗೆ ಯಾವ ಮುಖವಿತ್ತು? ಸುತ್ತಿಗೆ ತಂದೆ. ಏಳು ಮೊಳೆ. ಮೊದಲನೆಯದಕ್ಕೇ ಹೆಬ್ಬೆರಳು ಜಜ್ಜಿಕೊಂಡೆ. ಮಕ್ಕಳು ಎಂಜಲು ತಟ್ಟೆ ಹಿಡಿದೇ ಓಣಿಯಲ್ಲಿ ನೆರೆದು "ಎಳೀರಿ ಸಾ, ಎಳೀರಿ!" ಎಂದು ಕೂಗತೊಡಗಿದರು. ಏಳನೆಯದು ಕಿತ್ತಾಗ ಕಿಟಕಿ ಧಡಾರನೆ ತೆರೆದು, ಒಳಗಿನ ಘಾಟೆಲ್ಲ ನಮ್ಮ ಮೂಗಿಗೇ ನುಗ್ಗಿತು. ಎಲ್ಲರೂ ಸೀನಿದೆವು. ಮಾದೇವಮ್ಮ ಒದ್ದೆಗಣ್ಣಲ್ಲೇ ಬಿದ್ದು ಬಿದ್ದು ನಕ್ಕರು.

"ಸೋಮವಾರ...?" ಎಂದೆ.

"ನೋಡಾನ ಬುಡಿ."

ಸೋಮವಾರ ಅಡುಗೆಕೋಣೆಯಲ್ಲಿ ಪಾತ್ರೆಯ ಸದ್ದಿತ್ತು. ಆದರೆ ಅದು ಸೊಸೆಯೂ ಆಗಿರಬಹುದು. ಇಣುಕಿ ನೋಡುವ ಧೈರ್ಯ ನನಗಿರಲಿಲ್ಲ. ಬೋರ್ಡಿನ ಮೇಲೆ ಬರೆದದ್ದನ್ನೇ ಬರೆಯುತ್ತಿದ್ದೆ. ಹನ್ನೊಂದೂವರೆ ಆಯಿತು. ಮೂಗಿನ ತುದಿ ಚುರುಗುಟ್ಟಿತು. ಸೀನಿದೆ ನೋಡಿ, ಕೈಯಲ್ಲಿದ್ದ ಸೀಮೆಸುಣ್ಣ ಎರಡು ತುಂಡು! ಅಷ್ಟು ಜೋರಾಗಿ ಜೀವನದಲ್ಲಿ ಸೀನಿರಲಿಲ್ಲ.

ತಗಡು ಇನ್ನೂ ಬದಲಾಗಿಲ್ಲ, ಅರ್ಜಿ ಬರೆಯುತ್ತಲೇ ಇದ್ದೇನೆ. ಬಟ್ಟಲು ಮೇಜಿಗೆ ಬರುವುದಿಲ್ಲ; ನಾನೇ ಹೋಗಿ ಒಲೆಯ ಮುಂದೆ ನಿಂತು ರುಚಿ ನೋಡುತ್ತೇನೆ. "ನಾಳಿಂದ ಬರಾಕಿಲ್ಲ" ಎಂದು ಅವರು ಈಗಲೂ ಒಮ್ಮೊಮ್ಮೆ ಅನ್ನುತ್ತಾರೆ. ನಾನು ನಗುವುದಿಲ್ಲ, ಏನಾಯಿತು ಎಂದು ಕೇಳುತ್ತೇನೆ.

ಈ ವರ್ಷ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಈಗ ಮೂಗೊರೆಸಿಕೊಂಡು ಎದ್ದು ನಿಂತಿದ್ದಾಳೆ. "ಸಾ, ಆ ಕಿಟ್ಕಿ ಮುಚ್ಚಿ ಬರ್ಲಾ?"

"ಬೇಡ ಕಣಮ್ಮ. ಒಳಗೆ ಮಾದೇವಮ್ಮ ಇದ್ದಾರೆ."