ಇನ್ ಆಲ್ ಲೈಕ್ಲಿಹುಡ್

ಇಂಗ್ಲಿಷಿನಲ್ಲಿ ನನಗೆ ತೀರಾ ಇಷ್ಟವಾಗಿದ್ದ ಮಾತು ಒಂದೇ: ‘ಇನ್ ಆಲ್ ಲೈಕ್ಲಿಹುಡ್’. ಹೆಚ್ಚುಕಡಿಮೆ ಹೀಗೇ ಆಗಿರಬೇಕು ಎಂದರ್ಥ. ಪುಣೆ ಹತ್ತಿರದ ಕುರಕುಂಭದ ಕೆಮಿಕಲ್ ಫ್ಯಾಕ್ಟರಿಯೊಂದರಲ್ಲಿ ನಾನು ಸೇಫ್ಟಿ ವಿಭಾಗದ ಗುಮಾಸ್ತ. ಅಪಘಾತದ ವರದಿ ಬರೆಯುವುದು ನನ್ನ ಕೆಲಸ. ವಿಜಯಪುರದ ಕನ್ನಡ ಶಾಲೆಯಲ್ಲಿ ಓದಿ ಪುಣೆಗೆ ಬಂದವನಿಗೆ ಆ ಮಾತು ಬರೆದಾಗಲೆಲ್ಲ ಎರಡು ಇಂಚು ಎತ್ತರವಾದ ಹಾಗೆ. ನಮ್ಮ ವಿಭಾಗದ ಮರಾಠಿ ಸಾಹೇಬರೂ ಓದಿ ‘ಛಾನ್’, ಚೆನ್ನಾಗಿದೆ, ಎನ್ನುತ್ತಿದ್ದರು.

ಹೋದ ವರ್ಷ ಪಂಪಿನ ಹತ್ತಿರ ಒಬ್ಬ ಕಾರ್ಮಿಕನ ಬಲಗೈ ಆಸಿಡ್ ಬಿದ್ದು ಸುಟ್ಟಿತು. ಯಾದಗಿರಿ ಕಡೆಯವನು, ಗುತ್ತಿಗೆಯ ಆಳು. ನಾನು ಸ್ಥಳಕ್ಕೆ ಹೋಗಲೂ ಇಲ್ಲ. ಕೂತಲ್ಲೇ ಬರೆದೆ: ಇನ್ ಆಲ್ ಲೈಕ್ಲಿಹುಡ್, ಅವನು ಹ್ಯಾಂಡ್‌ಗ್ಲೋಸ್ ಹಾಕಿರಲಿಲ್ಲ, ತಪ್ಪು ಅವನದೇ. ಈ ವರದಿ ಮೇಲೆ ಹೋದರೆ ಅವನ ಕೆಲಸ ಹೋಗುತ್ತದೆಂದು ಗೊತ್ತಿತ್ತು. ಆದರೂ ವಾಕ್ಯ ಚೆನ್ನಾಗಿ ಬಂತೆಂದು ಎರಡು ಸಲ ಓದಿಕೊಂಡೆ. ನೆನೆದರೆ ನಾಚಿಕೆಯಾಗುತ್ತದೆ.

ವರದಿಗೆ ಅವನ ಹೆಬ್ಬೆಟ್ಟು ಬೇಕಿತ್ತು. ಬ್ಯಾಂಡೇಜಿನ ಕೈ ಹಿಡಿದುಕೊಂಡು ಬಂದ.

“ಏನ್ ಬರದೀರಿ, ಕನ್ನಡದಾಗ ಹೇಳ್ರಿ ಸಾಹೇಬ್ರ.”

“ನೀ ಹ್ಯಾಂಡ್‌ಗ್ಲೋಸ್ ಹಾಕ್ಕೊಂಡಿರಲಿಕ್ಕಿಲ್ಲ ಅಂತ.”

“ನೀವು ನೋಡಿದ್ರೇನ್ರಿ?”

“ಇಲ್ಲ.”

ಅವನು ಸಿಟ್ಟಾಗಲಿಲ್ಲ. ಎಡಗೈಯಿಂದ ಜೇಬು ತಡಕಿ ಒಂದು ಹ್ಯಾಂಡ್‌ಗ್ಲೋಸ್ ತೆಗೆದು ಮೇಜಿನ ಮೇಲಿಟ್ಟ. ಅಂಗೈಯ ಜಾಗದಲ್ಲಿ ದೊಡ್ಡ ತೂತು.

“ಹಾಕ್ಕೊಂಡಿದ್ನಿರಿ. ಹರದಾವು, ಹೊಸಾವು ಕೊಡ್ರಿ ಅಂತ ತಿಂಗಳ ಹಿಂದ ಚೀಟಿ ಬರಸಿ ಇದ ಆಫೀಸಿಗೆ ಕಳಿಸಿದ್ದೆ. ಬರಲೇ ಇಲ್ಲ.”

ಚೀಟಿ ಹುಡುಕುವ ಕಷ್ಟವೂ ಇರಲಿಲ್ಲ. ನನ್ನ ಟ್ರೇಯಲ್ಲೇ ಇತ್ತು. ಫ್ಯಾನಿನ ಗಾಳಿಗೆ ಹಾರದಿರಲೆಂದು ನಾನೇ ಮೇಲೆ ಸ್ಟೇಪ್ಲರ್ ಇಟ್ಟಿದ್ದೆ. ಸಹಿ ಹಾಕಲು ಪುರುಸೊತ್ತಾಗಿರಲಿಲ್ಲ, ಅಷ್ಟೆ.

ವರದಿ ಹರಿದು ಹೊಸದು ಬರೆದೆ: ಅವನ ಹ್ಯಾಂಡ್‌ಗ್ಲೋಸ್ ಹರಿದಿತ್ತು. ಹೊಸದು ಕೇಳಿ ಬಂದ ಚೀಟಿಯನ್ನು ನಾನು ಇಟ್ಟುಕೊಂಡು ಕೂತಿದ್ದೆ. ಸಾಹೇಬರು ಹಣೆ ಚಚ್ಚಿಕೊಂಡರು. ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕಿಕೊಳ್ಳಬೇಡ, ನಿನ್ನ ಆ ‘ಲೈಕ್ಲಿಹುಡ್’ ಆದರೂ ಸೇರಿಸು ಎಂದು ಮರಾಠಿಯಲ್ಲಿ ಬೈದರು. ನಾನು ಸೇರಿಸಲಿಲ್ಲ. ಅವನಿಗೆ ಓದಿ ಹೇಳಿದೆ. ಕೇಳಿ ಹೆಬ್ಬೆಟ್ಟು ಒತ್ತಿದ.

ಅವನ ಕೆಲಸ ಉಳಿಯಿತು, ನನಗೆ ಮೆಮೊ ಬಂತು. ಕ್ಯಾಂಟೀನಿನಲ್ಲಿ ಅವನು ಎಡಗೈಯಲ್ಲಿ ರೊಟ್ಟಿ ಮುರಿಯುವುದು ಕಂಡರೆ ನನಗೆ ಈಗಲೂ ತುತ್ತು ಇಳಿಯುವುದಿಲ್ಲ.