ತುರುಬಿನ ಪೆನ್ಸಿಲ್

ತಂಗಿಯ ಹತ್ತನೇ ಕ್ಲಾಸಿನ ಗಣಿತದ ಮೇಡಂ ತುರುಬಿಗೆ ಸದಾ ಒಂದು ಪೆನ್ಸಿಲ್ ಸಿಕ್ಕಿಸಿರುತ್ತಿದ್ದರು. ಮುಂದೆ ಏನಾಗಬೇಕೆಂದು ಮಕ್ಕಳಿಂದ ಅದರಲ್ಲೇ ನೋಟ್‌ಬುಕ್ಕಿನ ಲೇಬಲ್ಲಿನ ಮೇಲೆ ಬರೆಸುತ್ತಿದ್ದರು. "ಅದೇ ಆದ್ಮೇಲೆ ಬನ್ನಿ, ಇದರ ಮೇಲೇ ಪೆನ್ನಲ್ಲಿ ನಾನೇ ತಿದ್ತೀನಿ" ಅನ್ನುತ್ತಿದ್ದರು. ತಂಗಿ 'ನರ್ಸ್' ಎಂದು ಬರೆದಿದ್ದಳು.

ರಿಸಲ್ಟ್ ಬಂದ ವಾರ, ತಂಗಿ ಅಂಗಡಿಗೆ ಹೋಗಿದ್ದಾಗ, ಮೇಡಂ ಕಾಲೇಜಿನ ಅರ್ಜಿ ಹಿಡಿದು ಇಟ್ಟಮಡುವಿನ ನಮ್ಮ ಮನೆಗೆ ಬಂದರು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಗಾರ್ಮೆಂಟ್ಸ್ ಸೇರಿದ್ದ ನನಗೆ ಹೊಟ್ಟೆಕಿಚ್ಚಾಯಿತು.

"ಅವಳಿಗೆ ಓದೋಕೆ ಇಷ್ಟ ಇಲ್ವಂತೆ ಮೇಡಂ."

"ಅವಳೇ ಹೇಳಿದ್ಲಾ?"

"ಹೂಂ" ಎಂದೆ. ಸಹಿಯ ಜಾಗ ಗುರುತಿಸಲು ತೆಗೆದಿದ್ದ ಪೆನ್ಸಿಲನ್ನು ಅವರು ಮತ್ತೆ ತುರುಬಿಗೆ ಸಿಕ್ಕಿಸಿಕೊಂಡು ಹೋದರು.

ಈಗ ತಂಗಿ ನನ್ನ ಪಕ್ಕದ ಮೆಷಿನ್ನಿನಲ್ಲಿ ಕಾಲರ್ ಹೊಲಿಯುತ್ತಾಳೆ. "ಅರ್ಜಿ ತರ್ತೀನಿ ಅಂದಿದ್ರು. ನನ್ನ ಮರ್ತೇಬಿಟ್ರು ಕಣಕ್ಕಾ" ಎಂದು ಇವತ್ತಿಗೂ ಮೇಡಂನ ಬೈಯುತ್ತಾಳೆ. ನಾನು "ಹೂಂ" ಅನ್ನುತ್ತೇನೆ.